ನಮ್ಮನೆಯ ಕೂಗುಮಾರಿ

ನನಗೆ ಕೂಗುಮಾರಿ ಅಂತ ಹೆಸರಿಟ್ಟವರು ನಮ್ಮ ಅತ್ತೆ. ಮಗನನ್ನು ಹೆತ್ತು ಆಸ್ಪತ್ರೆಯಿಂದ ಬಂದ ದಿನವೇ ಇಟ್ಟರು. ಮಗುವಿಗೆ ನಾಮಕರಣ ಆಗುವ ಮೊದಲೇ ನನಗಾಗಿ ಹೋಯಿತು. ಆಗ ಬೆಂಗಳೂರಿನಲ್ಲಿ ಕೂಗುಮಾರಿಯ ಸುದ್ದಿ ಜೋರಾಗಿತ್ತು. ಕತ್ತಲಾದ ಮೇಲೆ ಬಾಗಿಲಿಗೆ ಬಂದು, ಮನೆಯವರದೇ ದನಿಯಲ್ಲಿ ಹೆಸರು ಹಿಡಿದು ಕರೆಯುತ್ತಾಳೆ, ‘ಓ’ ಅಂದವರು ಸತ್ತರು ಅಂತ. ಅವಳು ಓದಿಕೊಂಡು ವಾಪಸು ಹೋಗಲಿ ಅಂತ ರಾಜಾಜಿನಗರದ ನಮ್ಮ ಬೀದಿಯಲ್ಲಿ ಒಂದು ಬಾಗಿಲೂ ಬಿಡದೆ ‘ನಾಳೆ ಬಾ’ ಅಂತ ಬರೆದಿದ್ದರು. ನಮ್ಮ ಭಾವ ಸೀಮೆಸುಣ್ಣ ತಂದು ನನ್ನ ಬಾಣಂತಿ ಕೋಣೆಯ ಬಾಗಿಲಿಗೂ ಅದನ್ನೇ ಬರೆದರು. ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ಹೊಲಿಗೆ ಹಾಕಿದ ಕಡೆ ಜೀವ ಹೋದಂತಾಯಿತು.

ನಾನು ಮಾಡಿದ ಅಪರಾಧ ಇಷ್ಟೇ: ಹೆರುವಾಗ ಕೂಗಿದ್ದೆ. ಹೆರಿಗೆ ಕೋಣೆಯ ಆಯಾ ತೊಡೆಗೆ ಫಟಾರನೆ ಹೊಡೆದು, ಗಂಡನ ಜೊತೆ ಮಲಗುವಾಗಲೂ ಹೀಗೇ ಕೂಗಿದ್ದೆಯಾ ಅಂತ ಕೇಳಿದಳು. ಆ ಹೊಡೆತಕ್ಕೆ ಇನ್ನೂ ಜೋರಾಗಿ ಕೂಗಿದೆ. ಹೊರಗೆ ಬೆಂಚಿನ ಮೇಲೆ ಕೂತಿದ್ದ ಅತ್ತೆಗೆ ಎಲ್ಲ ಕೇಳಿಸಿತು. ತವರಿನಲ್ಲಿ ನನಗೆ ತಾಯಿ ಇರಲಿಲ್ಲ, ಬಾಣಂತನ ಅತ್ತೆಯದೇ ಕೈಯಲ್ಲಿ. ಎಣ್ಣೆ ಹಚ್ಚಿ, ನೀರು ಹುಯ್ದು, ಸೊಪ್ಪಿನ ಸಾರು ಹಾಕಿ ಚೆನ್ನಾಗಿಯೇ ನೋಡಿಕೊಂಡರು. ಆದರೆ ಬಂದವರಿಗೆಲ್ಲ ಮಗುವಿನ ತೂಕಕ್ಕಿಂತ ಮೊದಲು ನನ್ನ ಕೂಗಿನ ವರದಿ ಒಪ್ಪಿಸುತ್ತಿದ್ದರು.

ಅತ್ತೆ ದಾವಣಗೆರೆ ಕಡೆಯವರು. ಬೆಂಗಳೂರಿಗೆ ಬಂದು ಜನ್ಮ ಕಳೆದರೂ ಮನೆಗೆ ‘ಮನಿ’ ಅನ್ನುವುದನ್ನು ಬಿಟ್ಟಿಲ್ಲ. ಅವರ ಬಾಯಲ್ಲಿ ಒಂದು ಮಾತು ಯಾವಾಗಲೂ ಸಿದ್ಧ: “ನಮ್ಮನಿ ಹೆಣ್ಮಕ್ಳು ಕೂಗಂಗಿಲ್ಲ.” ನಾಲ್ಕು ಮಕ್ಕಳನ್ನೂ ಸೆರಗು ಕಚ್ಚಿಕೊಂಡೇ ಹೆತ್ತರಂತೆ. ಪಡಸಾಲೆಯಲ್ಲಿ ಜೋಳ ಅಳೆಯುತ್ತಿದ್ದ ಗಂಡಸರಿಗೆ ಕೂಸು ಅತ್ತ ಮೇಲೇ ಗೊತ್ತಾದದ್ದಂತೆ. ಈ ಕಥೆ ಸೀಮಂತದಲ್ಲಿ, ತೊಟ್ಟಿಲು ಶಾಸ್ತ್ರದಲ್ಲಿ, ಕೊನೆಗೆ ಗೃಹಪ್ರವೇಶದಲ್ಲೂ ಬರುತ್ತಿತ್ತು. ಪಕ್ಕದಲ್ಲಿ ನಾನು ಹೋಳಿಗೆ ಬಡಿಸುತ್ತ ನಿಂತಿರುತ್ತಿದ್ದೆ. ಕಥೆ ಮುಗಿದಾಗ ಎಲ್ಲರೂ ಒಮ್ಮೆ ನನ್ನ ಮುಖ ನೋಡುತ್ತಿದ್ದರು.

ಐವತ್ತರ ಹತ್ತಿರ ಬಂದಾಗ ನನಗೆ ಹಠ ಹುಟ್ಟಿತು. ಬಸವೇಶ್ವರನಗರದಲ್ಲಿ ಡೌಲಾ ಆಗುವುದನ್ನು ಕಲಿಸುತ್ತಾರೆ ಅಂತ ಕೇಳಿ ಹೋಗಿ ಸೇರಿಕೊಂಡೆ. ಡೌಲಾ ಅಂದರೆ ಸೂಲಗಿತ್ತಿಯಲ್ಲ, ಮಗುವನ್ನು ಹಿಡಿಯುವವಳಲ್ಲ. ಹೆರುವವಳ ಬೆನ್ನು ನೀವಿ, ನೀರು ಕುಡಿಸಿ, ನಾನಿದ್ದೀನಿ ಅಂತ ಪಕ್ಕದಲ್ಲಿ ನಿಲ್ಲುವವಳು. ನನ್ನ ಹೆರಿಗೆಯ ದಿನ ಅಂಥವಳೊಬ್ಬಳು ಇದ್ದಿದ್ದರೆ ಆ ಆಯಾಳ ಕೈ ಹಿಡಿದುಕೊಳ್ಳುತ್ತಿದ್ದಳು. ಊರ ಹೆಂಗಸರಿಗೆಲ್ಲ ಕೂಗು ಕಲಿಸುವುದಕ್ಕೆ ಹೊರಟಿದ್ದಾಳೆ ಅಂತ ಅತ್ತೆ ಆಡಿಕೊಂಡರು. ಹೌದು, ಅದಕ್ಕೇ ಹೊರಟಿದ್ದೀನಿ ಅಂದೆ.

ಅಲ್ಲಿ ಕಲಿಸುತ್ತಿದ್ದಾಕೆ ಜೀವಮಾನವೆಲ್ಲ ಹೆರಿಗೆ ಮಾಡಿಸಿದ ಸೂಲಗಿತ್ತಿ ನರ್ಸು. ಆಕೆ ಹೇಳಿದ್ದರಲ್ಲಿ ಎರಡು ಮಾತು ನನಗೆ ಗಟ್ಟಿಯಾಗಿ ಕೂತವು. ಬಾಯಿ ಬಿಗಿ ಹಿಡಿದರೆ ಮೈಯೆಲ್ಲ ಬಿಗಿಯುತ್ತದೆ, ಹಾಗಾಗಿ ಹೊಟ್ಟೆಯಿಂದ ದನಿ ಹೊರಡಿಸಬೇಕು ಅನ್ನುವುದು ಒಂದು. ಇನ್ನೊಂದು, “ಬಂದು ಹೋಗೋದು ಹೆರಿಗೆ ನೋವು. ಬಂದದ್ದು ಹೋಗ್ತಾನೇ ಇಲ್ಲ ಅಂದ್ರೆ ಕೂಗ್ಬೇಕು. ಆಗ ಮಾನ ಮರ್ಯಾದೆ ನೋಡ್ಬಾರ್ದು.”

ಆಮೇಲೆ ನಮ್ಮ ಮಹಡಿ ಕೋಣೆಯಲ್ಲಿ ನಾನೇ ಬಸುರಿಯರಿಗೆ ಹೇಳಿಕೊಡಲು ಶುರು ಮಾಡಿದೆ. ವಿಜಯನಗರ, ಮೂಡಲಪಾಳ್ಯ, ನಂದಿನಿ ಲೇಔಟಿನಿಂದೆಲ್ಲ ಬರುತ್ತಿದ್ದರು. ಚಾಪೆ ಮೇಲೆ ಕೂತು ಎಲ್ಲರೂ ಒಟ್ಟಿಗೆ ‘ಊಂ’ ಅಂತ ದನಿ ತೆಗೆಯುವುದು. ಮೊದಲ ದಿನ ಒಬ್ಬಳ ಬಾಯಿಂದಲೂ ಸ್ವರ ಬರುತ್ತಿರಲಿಲ್ಲ, ನಾಚಿಕೆ. ಆಫೀಸಿನಲ್ಲಿ ಹತ್ತು ಜನರನ್ನು ಬೈದು ಕೆಲಸ ಮಾಡಿಸುವವಳು ಇಲ್ಲಿ ಮುಖಕ್ಕೆ ದುಪಟ್ಟಾ ಮುಚ್ಚಿಕೊಳ್ಳುತ್ತಿದ್ದಳು. ಕೆಳಗಿನ ಬಾಡಿಗೆಯವನು ಒಂದು ದಿನ ಮೆಟ್ಟಿಲು ಹತ್ತಿ ಬಂದು, ಆಂಟಿ, ಮೇಲೆ ಎಮ್ಮೆ ಏನಾದರೂ ಕಟ್ಟಿದ್ದೀರಾ ಅಂತ ಕೇಳಿದ. ಇಲ್ಲಪ್ಪ, ನಿನ್ನನ್ನು ಹೆತ್ತವಳಂಥವರು ಇದ್ದಾರೆ ಅಂದೆ. ಬಂದ ದಾರಿಯಲ್ಲೇ ಇಳಿದು ಹೋದ.

ನಮ್ಮ ಭಾವನ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದದ್ದು ಆಗಲೇ. ನನ್ನ ಓರಗಿತ್ತಿ ಹೆತ್ತದ್ದಾದರೂ ಅವಳು ಬೆಳೆದದ್ದು ಅಜ್ಜಿಯ ಮಡಿಲಲ್ಲಿ. ಬ್ಯಾಂಕಿನಲ್ಲಿ ಕೆಲಸ, ಗಂಡನ ಮನೆ ಹುಬ್ಬಳ್ಳಿ. ಓದಿದವಳು, ಮಾತು ಬಲ್ಲವಳು. ಆದರೆ ಅಜ್ಜಿಯ ಸೆರಗಿನ ಕಥೆ ಎದೆಹಾಲಿನ ಜೊತೆ ಇಳಿದಿತ್ತು. ಬೆಳಿಗ್ಗೆ ಮಹಡಿಯಲ್ಲಿ ನನ್ನ ಹತ್ತಿರ ಕೂಗು ಕಲಿಯುತ್ತಿದ್ದಳು, ಸಂಜೆ ಕೆಳಗೆ ಅಜ್ಜಿಯ ಹತ್ತಿರ ಸುಮ್ಮನಿರುವುದನ್ನು ಕಲಿಯುತ್ತಿದ್ದಳು. ಹುಡುಗಿಯ ಬಾಯಿ ಯಾರದ್ದು ಅಂತ ನಮ್ಮಿಬ್ಬರಿಗೂ ಒಳಗೊಳಗೇ ಯುದ್ಧ. ನಾನು ಗೆಲ್ಲಲೇಬೇಕಿತ್ತು. ಸುಮ್ಮನಿದ್ದವರನ್ನು ಹೆರಿಗೆ ವಾರ್ಡಿನಲ್ಲಿ ಯಾರೂ ತಿರುಗಿ ನೋಡುವುದಿಲ್ಲ ಅನ್ನುವುದು ಅಷ್ಟರಲ್ಲಿ ನನಗೆ ಗೊತ್ತಾಗಿತ್ತು. ಕೂಗಿದರೆ ಹೊಡೆತ ಬೀಳುತ್ತದೆ, ನಿಜ. ಆದರೆ ಹೊಡೆಯುವುದಕ್ಕಾದರೂ ಹತ್ತಿರ ಬರುತ್ತಾರಲ್ಲ.

ಆಸ್ಪತ್ರೆಯ ಬ್ಯಾಗು ಜೋಡಿಸುವಾಗ ಅತ್ತೆ ತಮ್ಮ ಹಳೆಯ ಇಳಕಲ್ ಸೀರೆಯ ಸೆರಗನ್ನು ಕತ್ತರಿಸಿ, ಮಡಚಿ ಒಳಗಿಟ್ಟರು. ತೊಳೆದು ತೊಳೆದು ಮೆತ್ತಗಾದ ಬಟ್ಟೆ. ಕಚ್ಚಿಕೊಳ್ಳುವುದಕ್ಕೆ. ನಾನು ಅದನ್ನು ತೆಗೆದು ಬೀರುವಿನಲ್ಲಿಟ್ಟೆ. ಮರುದಿನ ನೋಡಿದರೆ ಮತ್ತೆ ಬ್ಯಾಗಿನಲ್ಲಿ. ಅತ್ತೆಯನ್ನು ತರಾಟೆಗೆ ತೆಗೆದುಕೊಳ್ಳೋಣ ಅಂತ ಹೊರಟೆ. ಹುಡುಗಿ ನನ್ನ ಕೈ ಹಿಡಿದು, ತಾನೇ ಇಟ್ಟುಕೊಂಡದ್ದು ಅಂದಳು.

ನೋವು ಕಾಣಿಸಿಕೊಂಡದ್ದು ಬೆಳಿಗ್ಗೆ, ತಿಂಡಿ ತಿನ್ನುವಾಗ. ಹೊಟ್ಟೆ ಮುಟ್ಟಿ ನೋಡಿದೆ, ಬಿಗಿಯುತ್ತಿತ್ತು, ಸಡಿಲವಾಗುತ್ತಿತ್ತು. ಎಲ್ಲ ಸರಿಯಾಗಿಯೇ ಇತ್ತು. ಅತ್ತೆ, ಓರಗಿತ್ತಿ ಇಬ್ಬರೂ ಜೊತೆಗೆ ಹೊರಟರು. ವಿಜಯನಗರದ ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ಕಾರಿನಲ್ಲಿ ನಾನು ಬೆನ್ನು ನೀವುತ್ತ, ಅವಳು ಉಸಿರು ಬಿಡುತ್ತ ಚೆನ್ನಾಗಿಯೇ ಹೋದೆವು. ಹೆರಿಗೆ ವಾರ್ಡಿನ ಬಾಗಿಲಲ್ಲಿ ಸೆಕ್ಯುರಿಟಿಯವನು ತಡೆದು, ಒಳಗೆ ಒಬ್ಬರೇ ಬರಬೇಕು ಅಂದ. ನಾನು ಚಪ್ಪಲಿ ಬಿಟ್ಟೆ. ಅತ್ತೆ ಮೊಮ್ಮಗಳ ಮುಖ ನೋಡಿದರು.

“ಅಮ್ಮ ಬರ್ಲಿ,” ಅಂದಳು ಹುಡುಗಿ. ನನ್ನ ಕಡೆ ತಿರುಗಿ, “ಬೇಜಾರು ಮಾಡ್ಕೋಬೇಡ ಚಿಕ್ಕಮ್ಮ. ನೀನಿದ್ರೆ ನಂಗೆ ಕೂಗ್ಬೇಕು ಅನ್ಸುತ್ತೆ.”

ಬಿಟ್ಟ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡೆ. ಓರಗಿತ್ತಿ ಒಳಗೆ ಹೋದಳು. ಅವಳು ಹುಟ್ಟಿನಿಂದಲೂ ಗುಬ್ಬಿಯಂಥವಳು, ಅತ್ತೆಯ ಮುಂದೆ ಇವತ್ತಿಗೂ ಸೀನುವುದಿಲ್ಲ.

ಹೊರಗಿನ ಬೆಂಚಿನ ಮೇಲೆ ಅತ್ತೆ, ನಾನು. ಒಳಗೆ ಬಾಪೂಜಿನಗರದ ಹೆಂಗಸೊಬ್ಬಳಿದ್ದಳು. ಏನು ಕೂಗು ಅಂತೀರಿ! ಗಂಡನನ್ನು, ಗಂಡನ ಅಪ್ಪನನ್ನು, ಮದುವೆ ಮಾಡಿಸಿದ ದಳ್ಳಾಳಿಯನ್ನು, ಒಬ್ಬರನ್ನೂ ಬಿಡದೆ ಬೈಯುತ್ತಿದ್ದಳು. ನರ್ಸು, ಆಯಾ, ಡಾಕ್ಟರು ಎಲ್ಲ ಅವಳ ಸುತ್ತಲೇ. ಅತ್ತೆ ಮೂಗು ಮುರಿದು, ನನ್ನ ಕಡೆ ವಾಲಿ ಪಿಸುಗುಟ್ಟಿದರು: “ನಮ್ಮ ಹುಡುಗೀದು ಕೇಳಸ್ತೈತೇನು? ಇಲ್ಲಲ್ಲ.” ಆ ಮುಖದಲ್ಲಿ ಎಂಥ ಹೆಮ್ಮೆ! ಅವರನ್ನು ಬೆಂಚಿನಿಂದ ಕೆಳಕ್ಕೆ ನೂಕಿಬಿಡಬೇಕು ಅನ್ನಿಸಿತು.

ನರ್ಸು ಹೊರಗೆ ಬಂದಾಗ ಹಿಡಿದು ನಿಲ್ಲಿಸಿ ಕೇಳಿದೆ.

“ಆರಾಮಾಗಿ ಮಲಗಿದಾರೆ ಆಂಟಿ. ನೋವು ಇನ್ನೂ ಸರಿಯಾಗಿ ಬಂದಿಲ್ಲ. ಬಂದಿದ್ರೆ ಹಿಂಗೆ ಸುಮ್ನೆ ಇರ್ತಿದ್ರಾ?”

ಅವಳು ಪ್ರಾಣ ಹೋದರೂ ಸುಮ್ಮನಿರುವವಳು, ದಯವಿಟ್ಟು ಒಂದು ಸಲ ಹೊಟ್ಟೆ ಮುಟ್ಟಿ ನೋಡಿ ಅಂತ ಬೇಡಿಕೊಂಡೆ. ನಮಗೇ ಪಾಠ ಹೇಳ್ತೀರಾ ಅನ್ನುವ ಹಾಗೆ ನೋಡಿ ಒಳಗೆ ಹೋದಳು. ಬಾಪೂಜಿನಗರದವಳು ಮತ್ತೆ ಕಿರುಚಿದಳು, ಹೆಜ್ಜೆಗಳೆಲ್ಲ ಆ ಕಡೆಗೇ ಓಡಿದವು. ಅಳುವ ಮಗುವಿಗೇ ಹಾಲು ಅಂತ ಸುಮ್ಮನೆ ಹೇಳಿಲ್ಲ ದೊಡ್ಡವರು.

ನನಗೆ ತಡೆಯಲಾಗಲಿಲ್ಲ. ಎದ್ದು ಹೋಗಿ ಆ ಬಾಗಿಲಿಗೆ ಎರಡೂ ಕೈಯಿಂದ ಬಡಿದೆ. ಹುಡುಗಿಯ ಹೆಸರು ಹಿಡಿದು ಕರೆದೆ. ನೋವು ಬಿಟ್ಟು ಬಿಟ್ಟು ಬರ್ತಿದೆಯಾ, ಬಿಡದೇ ಬರ್ತಿದೆಯಾ, ಒಂದು ಸಲ ಓ ಅನ್ನೇ, ಕೂಗೇ ಅಂತ ಗಂಟಲು ಹರಿಯುವಂತೆ ಕರೆದೆ. ಅತ್ತೆ ಹಿಂದಿನಿಂದ ನನ್ನ ಸೆರಗು ಹಿಡಿದು ಎಳೆಯುತ್ತಿದ್ದರು, ಮನೆತನದ ಮರ್ಯಾದೆ ಕಳೆಯಬೇಡ ಅಂತ. ಒಳಗಿನಿಂದ ಉತ್ತರ ಬರಲಿಲ್ಲ. ಸೆಕ್ಯುರಿಟಿಯವನು ಬಂದು ರಟ್ಟೆ ಹಿಡಿದು ಕೆಳಗೆ, ಔಷಧಿ ಅಂಗಡಿಯ ಹತ್ತಿರ ಕರೆದುಕೊಂಡು ಹೋಗಿ ಕೂರಿಸಿದ. ಸುತ್ತ ನಿಂತವರು ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದರು.

ಒಳಗೆ ನಡೆದದ್ದನ್ನು ಆಮೇಲೆ ಓರಗಿತ್ತಿ ಹೇಳಿದಳು. ಹುಡುಗಿ ಬಾಯಿಗೆ ಇಳಕಲ್ ಸೆರಗು ತುರುಕಿಕೊಂಡು ಮಲಗಿದ್ದಳಂತೆ. ಕಣ್ಣಿನಿಂದ ನೀರು ಕಿವಿಗೆ ಇಳಿಯುತ್ತಿತ್ತಂತೆ. ಹೊಟ್ಟೆ ಒರಳುಕಲ್ಲಿನಂತೆ ಗಟ್ಟಿಯಾಗಿ, ಆಮೇಲೆ ಸಡಿಲವೇ ಆಗಲಿಲ್ಲವಂತೆ. ನೋವು ಹೋಗ್ತಿದೆಯಾ ಅಂದರೆ ಇಲ್ಲ ಅಂತ ತಲೆಯಾಡಿಸಿದಳಂತೆ. ನರ್ಸನ್ನು ಕರೆಯುತ್ತೀನಿ ಅಂತ ಅಮ್ಮ ಏಳಲು ಹೋದರೆ, ಮುಂಗೈ ಗಟ್ಟಿಯಾಗಿ ಹಿಡಿದು, ಕಣ್ಣಿನಲ್ಲೇ ಬಾಗಿಲು ತೋರಿಸಿದಳಂತೆ. ಬಾಗಿಲ ಆಚೆ ಅಜ್ಜಿ ಇದ್ದಾಳೆ ಅಂತ. ಈ ಮಹಾತಾಯಿ ಹಾಗೇ ಕೂತಳು.

ನರ್ಸು ಕೊನೆಗೂ ಬಂದು ಹೊಟ್ಟೆಯ ಮೇಲೆ ಯಂತ್ರ ಇಟ್ಟಾಗ ಮಗುವಿನ ಎದೆಬಡಿತ ಸಿಗಲಿಲ್ಲ. ಮಗು ಹೊರಬರುವ ಮೊದಲೇ ಮಾಸು ಒಳಗೇ ಕಿತ್ತುಕೊಂಡಿತ್ತು, ರಕ್ತವೆಲ್ಲ ಒಳಗೇ ನಿಂತಿತ್ತು. ಡಾಕ್ಟರಮ್ಮ ಓಡಿ ಬಂದು, ಬಾಯಿಂದ ಬಟ್ಟೆ ಎಳೆದು ಹಾಕಿ, ಯಾಕಮ್ಮ ಹೇಳಲಿಲ್ಲ, ಹೇಳಿದ್ದರೆ ಆಗಲೇ ಆಪರೇಷನ್ ಮಾಡಿ ತೆಗೆಯಬಹುದಿತ್ತಲ್ಲ ಅಂತ ಕೇಳಿದರಂತೆ. ತಾಯಿಯನ್ನು ಉಳಿಸಿದರು. ಆಸ್ಪತ್ರೆಯವರಲ್ಲಿ ಒಬ್ಬರಾದರೂ ಬೆಳಿಗ್ಗೆಯಿಂದ ಆ ಹೊಟ್ಟೆಯ ಮೇಲೆ ಒಂದು ಕೈ ಇಟ್ಟಿದ್ದರೆ ಹುಡುಗಿ ಬಾಯಿ ಬಿಡಬೇಕಾದ ಅಗತ್ಯವೇ ಇರುತ್ತಿರಲಿಲ್ಲ. ಆ ಮಾತನ್ನು ಡಾಕ್ಟರಮ್ಮ ಎತ್ತಲಿಲ್ಲ.

ನಾನು ಮೇಲೆ ಬರುವ ಹೊತ್ತಿಗೆ ಓರಗಿತ್ತಿ ಗೋಡೆಗೆ ಮುಖ ಮಾಡಿ ನಿಂತಿದ್ದಳು; ಅವಳ ಹೆಗಲು ನೋಡಿಯೇ ನನಗೆ ತಿಳಿಯಿತು. ಅತ್ತೆಗೆ ಯಾರೂ ಹೇಳಿರಲಿಲ್ಲ. ಬೆಂಚಿನ ಮೇಲೆ ವಿಭೂತಿ ಹಚ್ಚಿಕೊಂಡು ಕಿವಿಗೊಟ್ಟು ಕೂತಿದ್ದರು. ಒಳಗೆ ಬಾಪೂಜಿನಗರದವಳ ಮಗು ಕಿಟಾರನೆ ಅಳುತ್ತಿತ್ತು.

“ನಮ್ಮ ಕೂಸಿನ ಅಳು ಇನ್ನಾ ಕೇಳಲಿಲ್ಲಲ್ಲ?” ಅಂದರು ಅತ್ತೆ.

“ನಿಮ್ಮನೆ ಕೂಸಲ್ವಾ ಅತ್ತೆ,” ಅಂದೆ. “ಅದೂ ಕೂಗಲ್ಲ.”

ಹೇಳಿದ ಮೇಲೆ ಹಾಯೆನಿಸಿತು, ಸುಳ್ಳು ಯಾಕೆ ಹೇಳಲಿ. ಅಷ್ಟು ವರ್ಷ ನುಂಗಿದ್ದನ್ನೆಲ್ಲ ಒಂದೇ ಸಲಕ್ಕೆ ಆ ಮುದುಕಿಯ ಮುಖಕ್ಕೆ ಉಗುಳಿದ ಹಾಗಾಯಿತು. ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದಾಗ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಆಗಲೂ ದನಿ ಹೊರಡಲಿಲ್ಲ.

ಹುಡುಗಿಯನ್ನು ಮನೆಗೆ ಕರೆತಂದೆವು. ಮಗು ಇಲ್ಲ ಅಂತ ಮೈಗೆ ಗೊತ್ತಾಗುವುದಿಲ್ಲ, ಹಾಲು ಬಂತು. ಹಾಲು ಬತ್ತಲಿ ಅಂತ ಎದೆಯ ಮೇಲೆ ಮಲ್ಲಿಗೆ ಇಟ್ಟು ಕಟ್ಟುವುದು ನಮ್ಮಲ್ಲಿ ಹಿಂದಿನಿಂದ ಬಂದ ರೂಢಿ. ಮೊಳಗಟ್ಟಲೆ ಮಲ್ಲಿಗೆ ತರಲು ಹೋದಾಗ ಹೂವಿನವಳು ನಗುನಗುತ್ತ, ಏನಕ್ಕ, ನಾಮಕರಣಾನಾ ಅಂತ ಕೇಳಿದಳು. ಹೂಂ ಅಂದು ಬಂದುಬಿಟ್ಟೆ. ಕಟ್ಟಿದ್ದು ಅದೇ ಇಳಕಲ್ ಸೀರೆಯ ಉಳಿದ ಬಟ್ಟೆಯಿಂದ. ಮೆತ್ತಗಿರುವ ಬಟ್ಟೆ ಮನೆಯಲ್ಲಿ ಬೇರೆ ಇರಲಿಲ್ಲ.

ಮೂಡಲಪಾಳ್ಯದಿಂದ ಅತ್ತೆಯ ಕಡೆಯ ನೆಂಟರೊಬ್ಬರು ಮಾತಾಡಿಸಿಕೊಂಡು ಹೋಗಲು ಬಂದರು. ನಾನು ಕೋಣೆಯಲ್ಲಿ ಹುಡುಗಿಯ ಹತ್ತಿರ ಕೂತಿದ್ದೆ. ಹೊರಗೆ ಅತ್ತೆ ಹಣೆಬರಹ, ಶಿವನಿಚ್ಛೆ ಅಂತೆಲ್ಲ ಹೇಳಿ, ಕಣ್ಣೊರೆಸಿಕೊಂಡು, ಆಮೇಲೆ ಸ್ವಲ್ಪ ದನಿ ಏರಿಸಿದರು. “ಅಷ್ಟಾದ್ರೂ ಒಂದು ಕೂಗು ಕೂಗಲಿಲ್ಲ ನೋಡವ್ವಾ ನಮ್ಮ ಹುಡುಗಿ. ಗಟ್ಟಿಗಿತ್ತಿ.”

ನನ್ನ ರಕ್ತ ಕುದಿಯಿತು. ಎದ್ದು ಹೋಗಿ ಆ ನೆಂಟರ ಮುಂದೆಯೇ ಗ್ರಹಚಾರ ಬಿಡಿಸಬೇಕು ಅಂತ ಬಾಗಿಲವರೆಗೂ ಹೋದೆ. ಹಿಂದೆ ತಿರುಗಿದರೆ ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ಅವಳ ಮುಖದಲ್ಲಿ ಒಂದಿಷ್ಟು ಕಳೆ ಇತ್ತು.

“ನೀನು ಬಾಗಿಲಲ್ಲಿ ಕರೆದಿದ್ದು ಕೇಳಿಸ್ತು ಚಿಕ್ಕಮ್ಮ,” ಅಂದಳು. “ಓ ಅನ್ಲಿಲ್ಲ.”

ನಾನು ವಾಪಸು ಬಂದು ಅವಳ ಪಕ್ಕದಲ್ಲಿ ಕೂತೆ.

“ನಾನು ಒಂದ್ಸಲಾನೂ ಕೂಗ್ಲಿಲ್ಲ, ಅಲ್ವಾ?”

ಅವಳ ಕೈಯನ್ನು ನನ್ನ ಮಡಿಲಿಗೆ ಎಳೆದುಕೊಂಡೆ.

“ಇಲ್ಲ ಕಣೇ,” ಅಂದೆ. “ಒಂದ್ಸಲಾನೂ ಕೂಗ್ಲಿಲ್ಲ.”

ಅವಳು ಕಣ್ಣು ಮುಚ್ಚಿಕೊಂಡಳು. ಎದೆಯ ಮೇಲಿನ ಮಲ್ಲಿಗೆ ಹಾಲಿನಲ್ಲಿ ನೆನೆದು ಕಂದಿ ಹೋಗಿತ್ತು. ಬಟ್ಟೆ ಬಿಚ್ಚಿ, ಹೊಸ ಹೂವು ಇಟ್ಟು, ಮತ್ತೆ ಬಿಗಿಯಾಗಿ ಕಟ್ಟಿದೆ.