ದೊಡ್ಡಪ್ಪನಿಗೆ ಓದಿ ಹೇಳಿದ ಜಾಝ್ ಪುಸ್ತಕ

ಅಟ್ಟದಿಂದ ಕಾಯಿ ಇಳಿಸುವ ದಿನಗಳು ಅವು. ಹಿತ್ತಲ ಚಪ್ಪರದ ಕೆಳಗೆ ನಾವು ಮೂವರು ಕೂತಿದ್ದೆವು. ಕಂಬಕ್ಕೆ ಒರಗಿಕೊಂಡು ದೊಡ್ಡಪ್ಪ, ಕಾಯಿ ರಾಶಿಯ ಮುಂದೆ ಕಾಲು ಚಾಚಿಕೊಂಡು ದೊಡ್ಡಮ್ಮ, ನಡುವೆ ಮಣೆಯ ಮೇಲೆ ನಾನು. ದೊಡ್ಡಮ್ಮ ಒಂದೊಂದೇ ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದರು. ವರ್ಷವಿಡೀ ಅಟ್ಟದಲ್ಲಿದ್ದು ನೀರೆಲ್ಲ ಇಂಗಿ, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟಿದ್ದರೆ ಗಡಗಡ ಸದ್ದು ಬರುತ್ತದೆ. ಸದ್ದು ಬಂದದ್ದು ಒಂದು ಕಡೆಗೆ. ಬಾರದ್ದು ಮತ್ತೆ ಅಟ್ಟಕ್ಕೆ.

ನನ್ನ ತೊಡೆಯ ಮೇಲೆ ಇಂಗ್ಲಿಷಿನ ದಪ್ಪ ಪುಸ್ತಕವೊಂದಿತ್ತು. ಅಮೆರಿಕದ ಕಪ್ಪು ಜನರ ಕೇರಿಗಳಲ್ಲಿ ಜಾಝ್ ಸಂಗೀತ ಹೇಗೆ ಹುಟ್ಟಿತು, ಯಾರು ಯಾರು ಅದನ್ನು ಬೆಳೆಸಿದರು ಎನ್ನುವ ಚರಿತ್ರೆ. ಇಂಥ ಪುಸ್ತಕಗಳ ಹುಚ್ಚು ನನಗೆ ಕಾಲೇಜಿನಿಂದಲೂ ಇದೆ. ನಿಜ ಹೇಳಬೇಕೆಂದರೆ ಆ ಸಂಗೀತ ಕೇಳಿದ್ದಕ್ಕಿಂತ ಅದರ ಬಗ್ಗೆ ಓದಿದ್ದೇ ಹೆಚ್ಚು. ತಿಪಟೂರಿನಲ್ಲಿ ಮೇಷ್ಟ್ರಾಗಿರುವ ನಾನು ಭಾನುವಾರ ಬಸ್ಸು ಹತ್ತಿ ತುರುವೇಕೆರೆ ಕಡೆಯ ನಮ್ಮೂರಿಗೆ ಹೋಗುವಾಗ ದಾರಿಗೆಂದು ಒಂದು ಪುಸ್ತಕ ಇಟ್ಟುಕೊಳ್ಳುತ್ತೇನೆ. ಹಾಗೆ ಒಯ್ದಿದ್ದ ಪುಸ್ತಕದ ರಟ್ಟಿನ ಮೇಲೆ ದೊಡ್ಡಪ್ಪನ ಕಣ್ಣು ಬಿತ್ತು.

"ಇವ್ನು ಯಾರ್ಲಾ, ನಮ್ ಸಾಮಾನು ಹಿಡ್ಕಂಡವ್ನೆ?"

ರಟ್ಟಿನ ಮೇಲಿದ್ದವನ ಕೈಯಲ್ಲಿ ಕ್ಲಾರಿನೆಟ್ ಇತ್ತು. ನಮ್ಮ ದೊಡ್ಡಪ್ಪ ಪ್ರಾಯದಲ್ಲಿ ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿನೆಟ್ ಊದುತ್ತಿದ್ದವರು. ಕೆಂಪು ಕೋಟು ತೊಟ್ಟು ದಂಡಿನಶಿವರ, ಕೆಂಕೆರೆ, ಹುಳಿಯಾರು ಎಂದು ಮದುವೆಯಿಂದ ಮದುವೆಗೆ ತಿರುಗಿದವರು. ಮುಂದಿನ ಹಲ್ಲು ಬಿದ್ದ ಮೇಲೆ ಊದುವುದು ನಿಂತಿತು. ಅದೆಲ್ಲ ನಾನು ಹುಟ್ಟುವ ಮೊದಲಿನ ಮಾತು. ಅವರು ಊದಿದ್ದನ್ನು ನಾನು ಕೇಳಿಯೇ ಇರಲಿಲ್ಲ.

"ಓದು, ಅದೇನ್ ಬರ್ದವ್ರೆ ಕೇಳಾನ" ಎಂದರು. ಅವತ್ತಿನಿಂದ ಭಾನುವಾರದ ಓದು ಶುರುವಾಯಿತು. ನಾನು ಒಂದಷ್ಟು ಓದಿಕೊಂಡು ಕನ್ನಡದಲ್ಲಿ ಹೇಳುವುದು, ಅವರು ಹೂಂಗುಟ್ಟುವುದು. ಆದರೆ ಅವರದೊಂದು ಕಟ್ಟಳೆ ಇತ್ತು. ನಮ್ಮಜ್ಜ ಜಗುಲಿಯಲ್ಲಿ ಪುರಾಣ ಓದಿಸುತ್ತಿದ್ದ ಕಾಲದ್ದು. ಯಾರಾದರೂ ಸತ್ತ ಜಾಗದಲ್ಲಿ ಪುಸ್ತಕ ಮುಚ್ಚಬಾರದು. ಮುಂದೆ ಒಂದು ಮದುವೆಯೋ, ಮಗು ಹುಟ್ಟಿದ್ದೋ, ಏನೂ ಇಲ್ಲದಿದ್ದರೆ ಯಾರಾದರೂ ಉಂಡು ಎದ್ದದ್ದೋ ಬರುವ ತನಕ ಓದಲೇಬೇಕು.

ಜಾಝ್ ಚರಿತ್ರೆಗೆ ಈ ಕಟ್ಟಳೆ ಹೊಂದುವುದು ಬಲು ಕಷ್ಟ. ಒಬ್ಬ ಹೆಸರು ಮಾಡಿದ ಅನ್ನುವಷ್ಟರಲ್ಲಿ ಕುಡಿತಕ್ಕೋ ಕಾಯಿಲೆಗೋ ಹೋಗಿಬಿಟ್ಟಿರುತ್ತಾನೆ.

"ಇವ್ನೂ ಹೋದ್ನಾ?"

"ಹೋದ ದೊಡ್ಡಪ್ಪ. ಇನ್ನೂ ಚಿಕ್ಕ ವಯಸ್ಸು."

"ಅಯ್ಯೋ ಪಾಪ. ಸರಿ, ಮುಂದಕ್ಕೋದು."

"ಇದೆಂಥ ಪುಸ್ತಕ ಕಣಪ್ಪ" ಎಂದು ದೊಡ್ಡಮ್ಮ ಕಾಯಿ ಅಲ್ಲಾಡಿಸುತ್ತ ಗೊಣಗುತ್ತಿದ್ದರು. "ಬರೀ ಊದೋದು, ಸಾಯೋದು. ಉಣ್ಣೋರು ಯಾರೂ ಇಲ್ವಾ ಆ ಊರಲ್ಲಿ?"

ನನಗೆ ಎಷ್ಟೋ ಸಲ ಸಂಜೆಯ ಬಸ್ಸು ತಪ್ಪಿದೆ.

ಒಂದು ದಿನ ಫೋನಿನಲ್ಲಿ ಅಂಥದ್ದೇ ಒಂದು ಹಳೆಯ ವಾದ್ಯಮೇಳ ಹಾಕಿದೆ. ದೊಡ್ಡಮ್ಮ ಒಂದು ಗಳಿಗೆ ಕೇಳಿ, "ಇದೇನ್ರೀ, ಒಬ್ಬೊಬ್ರು ಒಂದೊಂದ್ ದಾರಿ ಹಿಡ್ದವ್ರಲ್ಲ" ಎಂದರು.

"ತಾಳೇ, ವಾಪಸ್ ಬತ್ತಾರೆ" ಎಂದರು ದೊಡ್ಡಪ್ಪ. ಅವರ ಬೆರಳುಗಳು ಮೊಣಕಾಲ ಮೇಲೆ ಒಂದೊಂದಾಗಿ ಏಳುತ್ತಿದ್ದವು. ಹಾಡು ಮುಗಿದ ಮೇಲೆ ಮೆಲ್ಲಗೆ, "ಇನ್ನೊಂದ್ಸಲ ಊದ್ಬೇಕು ಅನ್ನುಸ್ತದೆ ಕಣ್ಲಾ" ಎಂದರು.

"ಊದ್ರಿ, ಯಾರು ಬ್ಯಾಡ ಅಂದೋರು?" ಎಂದರು ದೊಡ್ಡಮ್ಮ. "ಊರೋರ ಮದ್ವೇಲೆಲ್ಲ ಊದಿದ್ರಿ. ನಮ್ ಮದ್ವೇಲಿ ಮಾತ್ರ ಬಾಯಿ ಮುಚ್ಕಂಡು ಕೂತಿದ್ರಿ."

"ಬಾಸಿಂಗ ಕಟ್ಕಂಡು ಊದಕಾಯ್ತದೇನೇ?"

ಇಬ್ಬರೂ ನಕ್ಕರು. ದೊಡ್ಡಮ್ಮ ಯಾವತ್ತೂ ಆ ಕ್ಲಾರಿನೆಟ್ಟನ್ನು ಎದುರಿಗೆ ಕೂತು ಕೇಳಿರಲಿಲ್ಲವಂತೆ. ಅವರಿಗೆಂದು ಒಂದು ಹಾಡು ಊದಬೇಕೆನ್ನುವ ಆಸೆ ದೊಡ್ಡಪ್ಪನಿಗೆ ಇತ್ತೆಂದು ನನಗೆ ತಿಳಿದದ್ದು ಆಗ.

ಮುಂದೊಂದು ಭಾನುವಾರ, ಯಥಾಪ್ರಕಾರ ಒಬ್ಬ ತೀರಿಕೊಂಡದ್ದರಿಂದ ನಿಲ್ಲಿಸುವ ಹಾಗಿರಲಿಲ್ಲ. ಮುಂದಕ್ಕೆ ಓದಿದೆ. ಆ ಸಂಗೀತದ ಚರಿತ್ರೆ ಬರೆಯಲು ಹೊರಟ ಕೆಲವರು ಹಳೆಯ ಕಾಲದ ಕಹಳೆಗಾರನೊಬ್ಬನನ್ನು ಹುಡುಕಿಕೊಂಡು ಹೋಗುತ್ತಾರೆ. ಅವನು ಹಲ್ಲೆಲ್ಲ ಹೋಗಿ, ಊದುವುದು ಬಿಟ್ಟು, ಭತ್ತದ ಬಯಲಿನಲ್ಲಿ ಕೂಲಿ ಮಾಡಿಕೊಂಡಿರುತ್ತಾನೆ. ಅವರೇ ಮುಂದೆ ನಿಂತು ಅವನಿಗೆ ಹಲ್ಲು ಕಟ್ಟಿಸುತ್ತಾರೆ.

ದೊಡ್ಡಪ್ಪ ಕಂಬ ಬಿಟ್ಟು ನೆಟ್ಟಗೆ ಕೂತರು. "ಕಟ್ಟುಸ್ಕಂಡು ಊದಿದ್ನಾ?"

"ಊದಿದ. ರೆಕಾರ್ಡೂ ಮಾಡಿದರು."

"ಇಲ್ಲಿ ನಿಲ್ಸು. ಇದು ಒಳ್ಳೆ ಜಾಗ."

ಮಾರನೆಯ ದಿನವೇ ತಿಪಟೂರಿಗೆ ಬಂದು ಹಲ್ಲಿನ ಡಾಕ್ಟರ ಎದುರು ಕೂತಿದ್ದರು.

ಹಲ್ಲಿನ ಸೆಟ್ಟು ಬಂತು. ಹಳೆಯ ಪಂಚೆಯಲ್ಲಿ ಸುತ್ತಿದ್ದ ಕ್ಲಾರಿನೆಟ್ ಅಟ್ಟದಿಂದ ಇಳಿಯಿತು. ಅದರ ಬಾಯಿಗೆ ಕಟ್ಟುವ ತೆಳು ಪಟ್ಟಿ, ರೀಡು, ನಾನು ಬೆಂಗಳೂರಿನಿಂದ ತರಿಸಿಕೊಟ್ಟೆ. ಮೊದಲ ಸಲ ಬರೀ ಗಾಳಿ ಬಂತು.

"ನಮ್ಮ ಊದುಗೊಳವೇನೂ ಹಿಂಗೇ ಅನ್ನೋದು" ಎಂದು ದೊಡ್ಡಮ್ಮ ಛೇಡಿಸಿದರು.

ವಸಡು ಹೊಂದಿಕೊಳ್ಳಬೇಕು, ತಡವಾಗುತ್ತದೆ ಎಂದು ಡಾಕ್ಟರು ಹೇಳಿದ್ದರಂತೆ. ದೊಡ್ಡಪ್ಪ ತೋಟದ ಪಂಪ್‌ಹೌಸಿನ ಹಿಂದೆ ಹೋಗಿ ಊದತೊಡಗಿದರು. ದೊಡ್ಡಮ್ಮ ಕೇಳಿಸಿದರೂ ಕೇಳಿಸದವರ ಹಾಗೆ ಇರುತ್ತಿದ್ದರು.

ಹೀಗೇ ಒಂದು ಮಧ್ಯಾಹ್ನ ತೋಟದಿಂದ ಬಂದವರು ಚಪ್ಪರದಡಿ ಕೂರಲಿಲ್ಲ. ದೊಡ್ಡಮ್ಮನ ಎದುರಿಗೆ ನಿಂತು ಕ್ಲಾರಿನೆಟ್ಟನ್ನು ಬಾಯಿಗಿಟ್ಟರು. ಹೆಣ್ಣನ್ನು ಮಂಟಪಕ್ಕೆ ಕರೆತರುವಾಗ ಬ್ಯಾಂಡಿನವರು ನುಡಿಸುತ್ತಿದ್ದ ಹಳೆಯ ಸಿನಿಮಾ ಹಾಡು. ಸ್ವರ ಒರಟಾಗಿತ್ತು, ಪಕ್ಕದಿಂದ ಉಸಿರು ಸೋರುತ್ತಿತ್ತು. ಆದರೂ ಹಾಡು ಹಾಡೇ. ಪಲ್ಲವಿ ಪೂರಾ ಬಂತು. ಚರಣದಲ್ಲಿ ಮೇಲಕ್ಕೆ ಏರುವ ಕಡೆ ಹಲ್ಲಿನ ಸೆಟ್ಟು ಜಾರಿ ಕಟಕ್ಕೆಂದಿತು. ದೊಡ್ಡಮ್ಮನಿಗೆ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಕಿವಿಯ ಹತ್ತಿರ ಹಿಡಿದ ಕಾಯಿಯನ್ನು ಅಷ್ಟು ಹೊತ್ತೂ ಅಲ್ಲಾಡಿಸಿರಲಿಲ್ಲ.

"ಮಿಕ್ಕಿದ್ದು?" ಎಂದರು.

"ವಸಡು ಗಟ್ಟಿ ಆಗ್ಲಿ ಕಣೇ. ಕಾರ್ತೀಕದ ಹೊತ್ಗೆ ಪೂರ್ತಿ ಊದ್ತೀನಿ."

ಕಾರ್ತೀಕ ಬರುವುದಕ್ಕೆ ಮೊದಲೇ ದೊಡ್ಡಪ್ಪ ಹೋದರು. ಬೆಳಗ್ಗೆ ತೋಟಕ್ಕೆ ನೀರು ಬಿಡಲು ಹೋಗಿ ಪಂಪ್‌ಹೌಸಿನ ಕಟ್ಟೆಯ ಮೇಲೆ ಕೂತವರು ಏಳಲಿಲ್ಲ.

ಆ ಸಿನಿಮಾ ಹಾಡು ಈಗಲೂ ಫೋನಿನಲ್ಲಿ ಸಿಗುತ್ತದೆ, ಇಡೀ ಹಾಡು. ಹಾಕಿ ಕೇಳುತ್ತೇನೆ. ಚರಣದ ಆ ಏರು ಬಂದಾಗ ಮುಂದಿನದನ್ನು ದೊಡ್ಡಪ್ಪ ಹೇಗೆ ಊದುತ್ತಿದ್ದರೋ ಎಂದು ಕಿವಿ ಕಾಯುತ್ತದೆ. ಜಾಝ್ ಪುಸ್ತಕಗಳನ್ನು ಬರೆದವರು ಕಾಣದ ವಾದ್ಯಗಾರರನ್ನು ಊರೂರು ಅಲೆದು ಯಾಕೆ ಹುಡುಕಿದರು ಎನ್ನುವುದು ನನಗೆ ಓದುವಾಗ ಅರ್ಥವಾಗಿರಲಿಲ್ಲ. ಆ ಉಸಿರು ಸೋರುವ ಸದ್ದು ಇನ್ನೊಂದು ಸಲ ಕೇಳಿಸುತ್ತದೆ ಎಂದು ಯಾರಾದರೂ ಹೇಳಿದರೆ ನಾನೂ ಎಲ್ಲಿಗಾದರೂ ಹೊರಟೇನು.

ತಿಥಿ ಕಳೆದ ಮೇಲಿನ ಭಾನುವಾರ ಊರಿಗೆ ಹೋದೆ. ದೊಡ್ಡಮ್ಮ ಚಪ್ಪರದಡಿ ಕಾಯಿ ರಾಶಿಯ ಮುಂದೆ ಕೂತಿದ್ದರು.

"ಪುಸ್ತಕ ಎಲ್ಲಿ?" ಎಂದರು.

"ತಂದಿಲ್ಲ ದೊಡ್ಡಮ್ಮ. ಇನ್ನು ಯಾರಿಗೆ ಅಂತ..."

"ಸಾವಲ್ಲಿ ಮುಚ್ಚಬಾರ್ದು ಅಂತಿರ್ಲಿಲ್ವೇನಪ್ಪ ನಿಮ್ ದೊಡ್ಡಪ್ಪ? ತಗಂಬಾ ಹೋಗು."

ಮುಂದಿನ ವಾರ ಒಯ್ದೆ. ಮಣೆ ಹಾಕಿಕೊಂಡು, ಗುರುತಿಗೆ ಗರಿಕಡ್ಡಿ ಇಟ್ಟಿದ್ದ ಪುಟ ತೆರೆದು ಓದಿ ಹೇಳಿದೆ. ದೊಡ್ಡಮ್ಮ ಕೈಯಲ್ಲಿದ್ದ ಕಾಯಿ ಕೆಳಗಿಟ್ಟು, "ಹೂಂ, ಆಮೇಲೆ?" ಎಂದರು. ಅವತ್ತೂ ನನಗೆ ಸಂಜೆಯ ಬಸ್ಸು ತಪ್ಪಿತು.