ಮೈಕ್ರೋಮೀಟರ್ ಹಿಡಿದ ಕೈ

ಆ ವರ್ಷದ ಡೈರಿಯ ಪುಟಗಳನ್ನು ಮಗುಚಿ ಹಿಂಬದಿ ಸವರಿದರೆ ಅಕ್ಷರಗಳು ಉಬ್ಬಿಕೊಂಡು ಬೆರಳಿಗೆ ತಾಗುತ್ತವೆ. ಪೆನ್ನನ್ನು ಅಷ್ಟು ಒತ್ತಿ ಬರೆದಿದ್ದೇನೆ. ‘ಒತ್ತಡ’ ಎಂಬ ಪದ ಮಾತ್ರ ಎಲ್ಲೂ ಇಲ್ಲ. ‘ಕತ್ತು ನೋವು’, ‘ಇವತ್ತೂ ಕತ್ತು’, ಅಷ್ಟೇ.

ಪೀಣ್ಯದ ಒಂದು ಚಿಕ್ಕ ಕಾರ್ಖಾನೆಯಲ್ಲಿ ಲೇತ್‌ನಿಂದ ಬಂದ ಉಕ್ಕಿನ ಪಿನ್ನುಗಳ ದಪ್ಪ ಅಳೆದು ನೋಡುವುದು ನನ್ನ ಕೆಲಸವಾಗಿತ್ತು. ಪಿನ್ನನ್ನು ಎರಡು ದವಡೆಗಳ ನಡುವೆ ಹಿಡಿದು ಅಳೆಯುವ ಮೈಕ್ರೋಮೀಟರಿನ ತುದಿಯಲ್ಲಿ ಒಂದು ಪುಟ್ಟ ತಿರುಪು ಇರುತ್ತದೆ. ಅದನ್ನು ತಿರುಗಿಸಿ, ಟಿಕ್ ಟಿಕ್ ಎಂದಾಗ ನಿಲ್ಲಿಸಬೇಕು. ಆಗ ಯಾರು ಅಳೆದರೂ ಒತ್ತುವ ಬಲ ಒಂದೇ. ಆದರೆ ಪಳಗಿದವರು ಅದನ್ನು ಮುಟ್ಟುವುದಿಲ್ಲ. ಹಿಡಿಯನ್ನೇ ತಿರುಗಿಸಿ ಕೈ ಅಂದಾಜಿನಲ್ಲಿ ನಿಲ್ಲಿಸುತ್ತಾರೆ. ನಾಲ್ಕು ವರ್ಷ ನಾನೂ ಹಾಗೇ ಮಾಡಿದ್ದೆ, ಜಂಬದಿಂದ.

ಹೊಸ ಗಿರಾಕಿ ಕಂಪನಿಯವರು ನಮ್ಮ ಅಳತೆಯನ್ನೇ ಪರೀಕ್ಷಿಸುತ್ತೇವೆ ಎಂದು ತಿಂಗಳ ಮೊದಲೇ ತಿಳಿಸಿದ್ದರು, ಅಂದಿನಿಂದಲೇ ನನಗೆ ಭಯ. ಕೊನೆಗೆ ಬಂದರು. ಹತ್ತು ಪಿನ್ನು, ಒಂದೊಂದನ್ನೂ ಮೂರು ಸಲ ಅಳೆಯಬೇಕು, ಮೂರೂ ಸಲ ಒಂದೇ ಉತ್ತರ ಬರಬೇಕು. ನನ್ನದು ಬರಲಿಲ್ಲ.

“ಮುಂದಿನ್ ವಾರ ಮತ್ತೆ ಬರ್ತಾರೆ ಮೇಡಂ,” ಎಂದರು ಮ್ಯಾನೇಜರು. “ಆಗ್ಲೂ ಹಿಂಗೇ ಆದ್ರೆ ನಿಮ್ಮನ್ನ ಪ್ಯಾಕಿಂಗ್‌ಗೆ ಹಾಕ್ಬೇಕಾಗುತ್ತೆ. ಬೇಜಾರ್ ಮಾಡ್ಕೋಬೇಡಿ.”

ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು ಡಬ್ಬಗಳಿಗೆ ಟೇಪು ಅಂಟಿಸಬೇಕು. ಉಪಕರಣವೇ ಕೆಟ್ಟಿದೆ ಎಂದು ವಾದಿಸಿದೆ. ಅದು ಕೆಟ್ಟಿರಲಿಲ್ಲ.

ದಾಸರಹಳ್ಳಿಯ ನನ್ನ ಬಾಡಿಗೆ ಮನೆಯ ಮಾಲೀಕರ ತಾಯಿ, ಸುತ್ತಲಿನ ಬಾಣಂತಿಯರಿಗೂ ಕೂಸುಗಳಿಗೂ ಎಣ್ಣೆ ತಿಕ್ಕಿ ನೀರೆರೆಯುತ್ತಿದ್ದ ಅಜ್ಜಿ. ಭಾನುವಾರ ತಾರಸಿಯಲ್ಲಿ ಬಟ್ಟೆ ಹರವಲು ಕೈ ಎತ್ತಲಾಗದೆ ನಿಂತಿದ್ದಾಗ ಅವರ ಕಣ್ಣಿಗೆ ಬಿದ್ದೆ.

“ಏನಮ್ಮ, ಭುಜ ಕಿವಿಗಂಟ ಏರ್ಸ್ಕೊಂಡಿದ್ದೀಯ? ಯಾರ್ಗಾದ್ರೂ ಒಡಿಯಾಕ್ ಒಂಟಿದ್ದೀಯಾ? ಕೂತ್ಕೊ, ಎಣ್ಣೆ ತರ್ತೀನಿ.”

“ನಾನೇನ್ ಬಾಣಂತಿನಾ ಅಜ್ಜಿ?”

“ಬಾಣಂತಿ ಆಗಿದ್ರೆ ಕೂಸಾದ್ರೂ ಇರ್ತಿತ್ತು. ನಿಂದು ಬರೀ ನೋವು.”

ಅವರು ಕತ್ತನ್ನು ಮುಟ್ಟಲೇ ಇಲ್ಲ. ಬೆಚ್ಚಗಿನ ಹರಳೆಣ್ಣೆ ಹಚ್ಚಿ ಅಂಗೈಯಿಂದ ಶುರುಮಾಡಿದರು. ಹೆಬ್ಬೆರಳಿನ ಬುಡದಲ್ಲಿ ಕಲ್ಲಿನಂಥ ಒಂದು ಗಂಟು ಸಿಕ್ಕಿತು. ಒತ್ತಿದಾಗ ಉಸಿರು ಬಿಗಿಹಿಡಿದೆ.

“ಉಸ್ರು ಬುಡು. ಇಡ್ಕೊಂಡು ಏನ್ಮಾಡ್ತೀಯ?”

ಮೊಣಕೈ ದಾಟಿ ಭುಜಕ್ಕೆ ಬರುವಷ್ಟರಲ್ಲಿ ನಾನು ಅಳುತ್ತಿದ್ದೆ ಎನ್ನುತ್ತದೆ ನೆನಪು. ಡೈರಿಯಲ್ಲಿ ಅದಿಲ್ಲ. ಅವರಾಡಿದ ಮಾತು ಮಾತ್ರ ಇದೆ: “ಕೈ ಬಿಗಿ ಆದ್ರೆ ಕೂಸು ಅಳ್ತದೆ. ನನ್ ಮನ್ಸು ಸರಿ ಇಲ್ದಿರೋ ದಿನ ಮೊದ್ಲು ನನ್ ಕೈಗೇ ಎಣ್ಣೆ ತಿಕ್ಕೊಂತೀನಿ.”

ಮರುದಿನ ಒಂದೇ ಪಿನ್ನನ್ನು ಎರಡು ಬಗೆಯಲ್ಲಿ ಅಳೆದೆ. ಟಿಕ್ ಸದ್ದಿಗೆ ಬಂದ ಉತ್ತರಕ್ಕಿಂತ ಕೈ ಅಂದಾಜಿನದು ಕಡಿಮೆ ಇತ್ತು. ನನಗೆ ತಿಳಿಯದಂತೆ ಹಿಂಡುತ್ತಿದ್ದೆ. ನಾಲ್ಕು ವರ್ಷ ನಂಬಿದ ಕೈ ಒಂದು ತಿಂಗಳ ಭಯದಲ್ಲಿ ಬದಲಾಗಿತ್ತು, ಸುದ್ದಿ ಕೊಡದೆ.

ದಿನವೂ ಸಂಜೆ ಅಜ್ಜಿಯ ಮುಂದೆ ಕೂತೆ, ದಿನವೂ ಬೆಳಿಗ್ಗೆ ಅದೇ ಪಿನ್ನು ಅಳೆದೆ. ವ್ಯತ್ಯಾಸ ಕುಗ್ಗುತ್ತ ಬಂತು. ಶುಕ್ರವಾರ ಎರಡೂ ಉತ್ತರ ಒಂದೇ ಆದವು. ಎಣ್ಣೆಯೋ, ಅದರಿಂದ ಬಂದ ನಿದ್ದೆಯೋ, ದಿನಕ್ಕೆ ಅರ್ಧ ಗಂಟೆ ಯಾರೋ ನನ್ನ ಕೈ ಹಿಡಿದುಕೊಂಡಿದ್ದೋ, ಬೇರ್ಪಡಿಸಿ ಹೇಳಲಾರೆ.

ಪರೀಕ್ಷೆಯ ದಿನ ಜಂಬ ಬಿಟ್ಟು ತಿರುಪನ್ನೇ ಬಳಸಿದೆ. ತಿರುಪೊಂದೇ ಸಾಲದು, ಬಿಗಿದ ಕೈಯಲ್ಲಿ ಪಿನ್ನು ವಾಲುತ್ತದೆ. ಅವತ್ತು ವಾಲಲಿಲ್ಲ. ಭುಜ ಇಳಿಸಿ, ಉಸಿರು ಬಿಟ್ಟು, ಮೂವತ್ತು ಸಲ ಅಳೆದೆ. ಬಂದವರು ಹಾಳೆಯ ಮೇಲೆ ಎರಡೆರಡು ಸಲ ಕಣ್ಣಾಡಿಸಿ ಸಹಿ ಹಾಕಿದರು.

“ಸಕ್ಕತ್ ಮೇಡಂ,” ಎಂದರು ಮ್ಯಾನೇಜರು. “ಪ್ಯಾಕಿಂಗ್‌ನೋರಿಗೆ ಬೇಜಾರು ನೋಡಿ.”

ಮನೆಗೆ ಓಡಿಬಂದು, “ಗೆದ್ದೆ ಅಜ್ಜಿ,” ಎಂದೆ.

“ಗೆದ್ದೋಳು ನಾನು ಕಣಮ್ಮ. ಆ ಕಲ್ಲು ಕರಗ್ಸಿದ್ದು ಯಾರು?”

ಆ ದಿನದ ಪುಟದಲ್ಲಿ ‘ಗೆದ್ದೆವು’ ಎಂದು ಬರೆದಿದೆ. ಈಗಷ್ಟೇ ಮಗುಚಿ ಸವರಿ ನೋಡಿದೆ. ಹಿಂಬದಿ ನುಣುಪಾಗಿದೆ.