ಯಾರೂ ಮುಟ್ಟದ ಪಾದ

ನನ್ನ ಅಕ್ಕ ಉಮಾಶ್ರೀ ದೊಡ್ಡ ಸರ್ಜನ್. ತುಬಚಿಯ ಕುರಿಗಾರರ ಮನೆಯಲ್ಲಿ ಹುಟ್ಟಿ, ಈಗ ಮೆಡಿಕಲ್ ಕಾಲೇಜಿನಲ್ಲಿ ಪ್ರೊಫೆಸರು. ವಿಚಿತ್ರವೆಂದರೆ ಅವಳ ಸಂಶೋಧನೆಯೆಲ್ಲ ಆಪರೇಷನ್ ತಪ್ಪಿಸುವುದು ಹೇಗೆ ಎಂಬುದರ ಮೇಲೆ.

"ಅಂಗಡಿ ತಗದು ಗಿರಾಕಿ ಬರಬ್ಯಾಡ್ರಿ ಅಂದಂಗಾತಲ್ಲ ಅಕ್ಕಾ!" ಎಂದು ನಾನು ಕಾಡಿಸುತ್ತಿದ್ದೆ.

"ನೀ ಒಂದ್ಸಲ ಕಾಲ ಕಡದ ನೋಡ ದುಂಡೇಶ, ಆಮ್ಯಾಲ ನಗು," ಎನ್ನುತ್ತಿದ್ದಳು.

ಸಕ್ಕರೆ ಕಾಯಿಲೆ ಹಳೆಯದಾದರೆ ಪಾದದ ನೋವೇ ಸತ್ತುಹೋಗುತ್ತದೆಯಂತೆ. ಮುಳ್ಳು ನೆಟ್ಟರೂ, ಒಳಗೆ ಎಲುಬು ಕುಸಿದರೂ ಗೊತ್ತಾಗುವುದಿಲ್ಲ. ಆದರೆ ಕೆಡುವ ಮೊದಲು ಆ ಪಾದ ಇನ್ನೊಂದಕ್ಕಿಂತ ಬಿಸಿಯಾಗುತ್ತದೆ. ಅದನ್ನು ಅಳೆಯಲು ಅಕ್ಕ ಮನೆಮನೆಗೆ ಒಂದು ಯಂತ್ರ ಕೊಟ್ಟಳು. ನಮ್ಮ ಜನ ಅದನ್ನು ಬೀರಪ್ಪನ ಫೋಟೋ ಪಕ್ಕ ದೇವರ ಜಗಲಿಯ ಮೇಲಿಟ್ಟು ಕುಂಕುಮ ಹಚ್ಚಿದರು. ನಗಬೇಡಿ, ನಮ್ಮ ಮನೆಯಲ್ಲೂ ಅದೇ ಆಯಿತು.

ಆಗ ಅವಳಿಗೆ ಹೊಳೆದದ್ದು ನಮಸ್ಕಾರ. ಸೊಸೆಯಂದಿರು ಬೆಳಿಗ್ಗೆ ಹಿರಿಯರ ಕಾಲು ಮುಟ್ಟುತ್ತಾರಲ್ಲ, ಹಾಗೆಯೇ ಎರಡೂ ಪಾದಕ್ಕೆ ಎರಡೂ ಅಂಗೈ ಇಟ್ಟು ತುಸು ಹೊತ್ತು ಹಿಡಿಯಿರಿ, ಒಂದು ಬಿಸಿ ಅನಿಸಿದರೆ ಫೋನ್ ಮಾಡಿ ಎಂದು ಬೀಳಗಿಯಿಂದ ಬನಹಟ್ಟಿಯವರೆಗೆ ಹೇಳಿಸಿದಳು. ಚಾಕು ಹಿಡಿಯಲು ತುದಿಗಾಲಲ್ಲಿ ನಿಂತಿದ್ದ ತನ್ನ ವಿದ್ಯಾರ್ಥಿಗಳಿಗೂ ಮೊದಲು ಇದನ್ನೇ ಕಲಿಸಿದಳು. ಎಷ್ಟೋ ಕಾಲು ಉಳಿದವು. ನಮ್ಮವ್ವ ಸೋಮವ್ವನದೂ ಉಳಿಯಿತು. ಅವ್ವನ ಪಾದದ ಬಿಸಿ ಪತ್ತೆ ಹಚ್ಚಿದವಳು ನನ್ನ ಹೆಂಡತಿ ವೈಶಾಲಿ.

ಹೋದ ಚಳಿಗಾಲ ಅಕ್ಕ ಊರಿಗೆ ಬಂದಾಗ ವೈಶಾಲಿ ಬಾಗಿ ನಮಸ್ಕರಿಸಿದಳು. ವೈಶಾಲಿಗೆ ಚಿಕ್ಕಂದಿನಿಂದಲೂ ಸಕ್ಕರೆ, ದಿನಾ ಸೂಜಿ. ಅವಳ ಒಂದು ಕಾಲುಂಗುರ ಊದಿದ ಬೆರಳಿನಲ್ಲಿ ಹೂತುಹೋಗಿದ್ದು ಅಕ್ಕನ ಕಣ್ಣಿಗೆ ಬಿತ್ತು.

"ವೈಶಾಲಿ, ನಿನ್ನ ಕಾಲ ಯಾರ ಮುಟ್ಟತಾರ?"

ವೈಶಾಲಿ ನಕ್ಕಳು. "ನನ್ನ ಕಾಲ ಯಾರ ಮುಟ್ಟತಾರ್ರಿ ಅಕ್ಕಾರ? ಮನ್ಯಾಗ ನಾನ ಸಣ್ಣಾಕಿ."

ಅಕ್ಕನ ಮುಖ ಕಪ್ಪಿಟ್ಟಿತು. ಮಂಡಿಯೂರಿ ವೈಶಾಲಿಯ ಎರಡೂ ಪಾದಗಳ ಮೇಲೆ ಅಂಗೈ ಇಟ್ಟಳು. ಅವ್ವ ಚೀರಿದಳು.

"ಏನ ಮಾಡಾಕತ್ತೀಬೇ ಉಮಾ! ದೊಡ್ಡಾಕಿ ಆಗಿ ಸಣ್ಣಾಕಿ ಕಾಲ ಹಿಡೀತಾರೇನ? ಆಕಿ ಆಯುಷ್ಯ ಕಡಿಮಿ ಆಕ್ಕೈತಿ!"

"ಬಿಸಿ ಐತಿಬೇ ಯವ್ವಾ," ಅಂದಳು ಅಕ್ಕ. "ಹಿಂಗ ಬಿಟ್ಟಿದ್ರ ಈ ಪಾದ ನಾನ ಕಡೀಬೇಕಾಗತಿತ್ತು."

ಅಂದೇ ಆಸ್ಪತ್ರೆಗೆ ಕರೆದೊಯ್ದು, ಒಳಗಿನ ಎಲುಬು ಕುಸಿಯದಂತೆ ಪ್ಲಾಸ್ಟರ್ ಹಾಕಿಸಿದಳು. ಮುಂದೆ ಸರ್ಜನ್‌ಗಳ ದೊಡ್ಡ ಸಭೆಯಲ್ಲಿ ಎಲ್ಲರೂ ಅವಳ ಸಂಶೋಧನೆಯನ್ನು ಹೊಗಳುತ್ತಿದ್ದಾಗ ಎದ್ದು ನಿಂತು, "ಸೊಸೆಯಂದಿರ ಕೈಗಳನ್ನು ಮಾತ್ರ ಎಣಿಸಿದೆ. ಅವರಿಗೂ ಕಾಲಿವೆ ಎಂಬುದನ್ನು ಮರೆತೆ. ಮತ್ತೆ ಮೊದಲಿನಿಂದ ಶುರು ಮಾಡುತ್ತೇನೆ" ಎಂದಳಂತೆ. ಹೀಗೆನ್ನುವ ಎದೆ ಎಷ್ಟು ಪ್ರೊಫೆಸರುಗಳಿಗಿದೆ, ಹೇಳಿ! ನನಗಂತೂ ಅವಳ ಎಲ್ಲ ಪದವಿಗಳಿಗಿಂತ ಆ ಮಾತೇ ದೊಡ್ಡದು.

ವೈಶಾಲಿಯ ಪಾದ ಉಳಿಯಿತು. ಪ್ಲಾಸ್ಟರ್ ಬಿಚ್ಚಿದ ಮರುದಿನ ಬೆಳಿಗ್ಗೆ ಅವಳು ನಮಸ್ಕರಿಸಿ ಏಳುವಷ್ಟರಲ್ಲಿ ಅವ್ವ ರಟ್ಟೆ ಹಿಡಿದು ಕೂರಿಸಿ, ಸೊಸೆಯ ಎರಡೂ ಪಾದಗಳನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು ಅಂಗೈ ಇಟ್ಟಳು.

"ಬಿಡ್ರಿ ಅತ್ತಿ, ಯಾರರ ನೋಡ್ಯಾರು!"

"ನೋಡ್ಲಿ. ಸುಮ್ನ ಕೂಡು," ಎಂದಳು ಅವ್ವ.